ಯಾವ ಕಳೆ?

ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಂಟೂ,

ಹೇಗಿದ್ದೀಯಮ್ಮಾ? ಹಡಗು ಹತ್ತುವಾಗ ಎಡಗಡೆ ಮಂಡಿ ಹಿಡಿದುಕೊಂಡು ಹತ್ತಿದೆಯಲ್ಲ, ಅದು ಈಗ ಹೇಗಿದೆ? ಆ ದ್ವೀಪದ ಗಾಳಿಗೆ ಕೆಮ್ಮು ಜಾಸ್ತಿಯಾಗಿಲ್ಲ ತಾನೇ? ಅಮ್ಮ ಹೆಣೆದು ಕೊಟ್ಟ ಉಣ್ಣೆಯ ಕಾಲುಚೀಲ ಹಾಕಿಕೊಳ್ತಿದ್ದೀಯ? "ಎಲ್ಲಿ ಹಾಕ್ಕೊಂಡಾಳು, ಅದರೊಳಗೆ ಯಾವುದೋ ಬೀಜ ತುಂಬಿಟ್ಟಿರ್ತಾಳೆ" ಅನ್ನೋದು ಅಮ್ಮನ ಅನುಮಾನ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನಿಗೆ ಹೊಸ ಕನ್ನಡಕ ಬಂದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ, ಇಷ್ಟು ವರ್ಷ ಕಾಣದ ಧೂಳೆಲ್ಲ ಒಟ್ಟಿಗೇ ಕಾಣಲು ಶುರುವಾಗಿದೆ. ನಿನ್ನ ಅತ್ತಿಗೆಗೆ ಬೆನ್ನುನೋವು ಕಡಿಮೆಯಾಗಿದೆ, ನನ್ನ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ. ನನಗೆ ಐವತ್ತು ತುಂಬಿತು. ತುಂಬಿದ ದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡೆ, ನಮ್ಮಪ್ಪ ಒಳಗಡೆಯಿಂದ ನನ್ನನ್ನೇ ನೋಡುತ್ತಿದ್ದರು, "ಏನೋ, ಮೂಲೆ ಸರಿಯಾಗಿ ಕೂಡಿಸಿದೀಯಾ?" ಅನ್ನುವ ಹಾಗೆ.

ಅಂದ ಹಾಗೆ ಈ ಕಾಗದ ಬರೆದದ್ದು ನಾನಲ್ಲ, ಮಾತಾಡಿದ್ದು ಮಾತ್ರ ನಾನು. ನಿನಗೆ ಗೊತ್ತಲ್ಲ, ಪೆನ್ನು ಹಿಡಿದರೆ ನನ್ನ ಕೈ ಓಡಲ್ಲ, ಬಾಯಿ ಬಿಟ್ಟರೆ ನಿಲ್ಲಲ್ಲ. ಅಲ್ಲಿ ನಿನಗೆ ಫೋನಿಲ್ಲ, ಸಾಮಾನಿನ ಹಡಗು ಬಂದಾಗ ಕಾಗದದ ಚೀಲ ಬರುತ್ತದೆ, ಅಷ್ಟೇ. ಅದಕ್ಕೇ ನಾನು ಅಂಗಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತಾ, ಗೋಂದು ಒಣಗುವವರೆಗೆ ಕಾಯುತ್ತಾ, ತುಂಡು ತುಂಡಾಗಿ ಫೋನಿಗೆ ಮಾತಾಡಿಟ್ಟಿದ್ದೇನೆ. ಅದನ್ನೆಲ್ಲ ಕೇಳಿ ಟೈಪ್ ಮಾಡಿದ್ದು ನಿನ್ನ ಸೋದರಸೊಸೆ. ನಾನು 'ಬಂದ್ಳು' ಅಂದರೆ ಅವಳು 'ಬಂದಳು' ಅಂತ ತಿದ್ದುತ್ತಾಳೆ. ನನ್ನ 'ಏನಪ್ಪಾ ಅಂದ್ರೆ'ಗಳನ್ನೆಲ್ಲ ಬೇರುಸಹಿತ ಕಿತ್ತು ಹಾಕಿದ್ದಾಳೆ. "ಅಪ್ಪಾ, ಒಂದು ವಾಕ್ಯಕ್ಕೆ ಮೂರು 'ಏನಪ್ಪಾ ಅಂದ್ರೆ' ಬಂದ್ರೆ ಅತ್ತೆ ದ್ವೀಪದಿಂದ ಈಜ್ಕೊಂಡು ವಾಪಸ್ ಬರ್ತಾರೆ" ಅಂತಾಳೆ. ಕೆಲವು ಕಡೆ ಅವಳಿಗೇ ಸಾಕಾಗಿ ನಾನು ಆಡಿದ್ದನ್ನು ಆಡಿದ ಹಾಗೇ ಬಿಟ್ಟಿದ್ದಾಳೆ, ನೀನೇ ಸರಿಮಾಡಿಕೊಂಡು ಓದು.

ಆ ದ್ವೀಪದ ಗಿಡ ಎಣಿಸಲು ಹೊರಟ ನಿನ್ನನ್ನು ಬೀಳ್ಕೊಟ್ಟ ದಿನ ಆಗಾಗ ಕಣ್ಣಮುಂದೆ ಬರುತ್ತದೆ. ಬಂದರಿನಲ್ಲಿ ನಿನ್ನನ್ನು ಬೆಂಚಿನ ಮೇಲೆ ಕೂರಿಸಿ, ನಿನ್ನ ಬೂಟಿನ ಅಡಿಯನ್ನು ಬ್ರಷ್ಷಿನಿಂದ ಉಜ್ಜಿಸಿ, ಪ್ಯಾಂಟಿನ ಮಡಿಕೆಯನ್ನೆಲ್ಲ ಬಿಡಿಸಿ ನೋಡಿದರಲ್ಲ, ಒಂದು ಬೀಜವೂ ಆ ದ್ವೀಪಕ್ಕೆ ಹೋಗಬಾರದು ಅಂತ. ಆ ನಿಯಮ ಬರೆಯುವಾಗ ನಿನ್ನ ಸಲಹೆಯನ್ನೂ ಕೇಳಿದ್ದರು ಅನ್ನುವುದು ಆ ಬ್ರಷ್ಷು ಹಿಡಿದವನಿಗೆ ಗೊತ್ತಿರಲಿಲ್ಲ. ನೀನೂ ಹೇಳಲಿಲ್ಲ, ಸುಮ್ಮನೆ ಕಾಲು ಎತ್ತಿ ಕೂತಿದ್ದೆ. ಅವನು ನಿನ್ನ ಕಾಲುಚೀಲದಿಂದ ಒಂದು ಅಂಟುಮುಳ್ಳು ಕಿತ್ತು ಚಿಮಟದಲ್ಲಿ ಹಿಡಿದು ತೋರಿಸಿದಾಗ ನಾನೂ ಅಮ್ಮನೂ ನಕ್ಕಿದ್ದು ಯಾಕೆ ಅಂತ ಅವನಿಗೆ ಹೇಗೆ ತಿಳಿಯಬೇಕು? ಅಂಟುಮುಳ್ಳಿನಿಂದಲೇ ಅಂಟುಮುಳ್ಳು ಕಿತ್ತ ಹಾಗಾಯಿತು ಅಂತ ನಮ್ಮ ನಗು. ಚಿಕ್ಕವಳಿದ್ದಾಗ ಲಂಗದ ತುಂಬ ಅದನ್ನೇ ಅಂಟಿಸಿಕೊಂಡು ಬರುತ್ತಿದ್ದೆ, ಜೊತೆಗೆ ನಾನು ಹೋದಲ್ಲೆಲ್ಲ ನನಗೆ ಅಂಟಿಕೊಂಡು ಬರುತ್ತಿದ್ದೆ, ಹಾಗಾಗಿ ಆ ಹೆಸರು. ಆದರೆ ನಕ್ಕು ಮುಗಿಸುವಷ್ಟರಲ್ಲಿ ನೀನು ಮೆಲ್ಲಗೆ ಒಂದು ಮಾತು ಹೇಳಿದೆ. "ವಾಪಸ್ ಬಂದ ಮೇಲೆ ಪಾಠ ಬಿಟ್ಬಿಡ್ತೀನಿ ಅಣ್ಣಾ. ಸಾಕು. ಇಪ್ಪತ್ತು ವರ್ಷ ಹೇಳಿದ್ದು ಯಾರ ಕಿವಿಗೂ ಬಿದ್ದಂಗಿಲ್ಲ." ಅಷ್ಟರಲ್ಲಿ ಹಡಗು ಕೂಗಿತು. ನನಗೆ ಉತ್ತರ ಕೊಡಲು ಅವಕಾಶವೇ ಸಿಗಲಿಲ್ಲ, ಮತ್ತೆ ನನಗೆ ಉತ್ತರ ಕೊಡಲು ಅವಕಾಶ ಸಿಗದಿದ್ದರೆ ಊಟ ಸೇರಲ್ಲ. ಈ ಕಾಗದ ಆ ಉತ್ತರ ಅಂದುಕೋ.

ನಿನಗೆ ಯಾಕೆ ಬೇಜಾರು ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರ ಕುರ್ಚಿಗೆ ಸಂದರ್ಶನ ಆದಾಗ ಆ ಸಮಿತಿಯಲ್ಲಿ ಒಬ್ಬರು ಕೇಳಿದರಂತಲ್ಲ, "ಅಲ್ಲಮ್ಮಾ, ಈ ಕಳೆ ಬಿಟ್ಟು ಬೇರೆ ಏನಾದ್ರೂ ಮಾಡಿದೀರಾ?" ಅಂತ. ನೀನು ಮನೆಗೆ ಬಂದು ಅದನ್ನು ತಮಾಷೆಯಾಗಿ ಹೇಳಿದೆ. ನಾವೆಲ್ಲ ನಕ್ಕೆವು. ಆಮೇಲೆ ನೀನು ಅಡುಗೆಮನೆಯಲ್ಲಿ ಒಂದೇ ಲೋಟವನ್ನು ತುಂಬಾ ಹೊತ್ತು ತೊಳೆಯುತ್ತಾ ನಿಂತಿದ್ದೆ. ಕುರ್ಚಿ ಸಿಕ್ಕಿದ್ದು ಆಕಾಶದಿಂದ ಕಾಡಿನ ಫೋಟೋ ತೆಗೆಯುವ ಹುಡುಗನಿಗೆ. ಅವನು ಒಳ್ಳೆಯವನೇ, ಪಾಪ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನೀನಾದರೋ ಹಿತ್ತಲ ಗಿಡವನ್ನೇ ಹಿಡಿದುಕೊಂಡು ಕೂತವಳು, ನಿನ್ನನ್ನು ಯಾರು ಮದ್ದು ಅಂದಾರು?

ಈ 'ಕಳೆ' ಅನ್ನುವ ಪದಕ್ಕೂ ನಿನಗೂ ಮೊದಲಿನಿಂದ ಋಣ. ನೆನಪಿದೆಯಾ? ನೀನು ಅಮ್ಮನ ಸೊಪ್ಪಿನ ಮಡಿಯಲ್ಲಿ ಕಳೆ ಕೀಳುತ್ತಾ ಕೂತಿದ್ದೆ, ನಿನಗೆ ಆಗ ಹಲ್ಲು ಬಿದ್ದ ವಯಸ್ಸು. ಅಂಗಡಿಗೆ ಬಂದ ಹೆಂಗಸೊಬ್ಬರು ನಿನ್ನ ಗಲ್ಲ ಹಿಡಿದು, "ಅಬ್ಬಾ, ಈ ಮಗು ಮುಖದಲ್ಲಿ ಎಂಥಾ ಕಳೆ!" ಅಂದರು. ನೀನು ಕೈ ಮಣ್ಣಲ್ಲೇ ಓಡಿಹೋಗಿ ಅಂಗಡಿಯ ಕನ್ನಡಿಗಳ ಮುಂದೆ ಒಂದೊಂದಾಗಿ ನಿಂತು ಕೆನ್ನೆ ಉಜ್ಜಿಕೊಂಡೆ. ಬೇರೆ ಮಕ್ಕಳಾಗಿದ್ದರೆ ಮುಖದ ಮೇಲೆ ಗಿಡ ಹುಟ್ಟಿದೆ ಅಂತ ಅತ್ತುಬಿಡುತ್ತಿದ್ದರು. ನೀನು ವಾಪಸ್ ಬಂದು ಆ ಹೆಂಗಸಿನ ಸೆರಗು ಜಗ್ಗಿ, ಆಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ಗಲ್ಲ ತಗ್ಗಿಸಿ ಕೇಳಿದ್ದು: "ಯಾವ ಕಳೆ?" ಅಪ್ಪ ನಕ್ಕು ನಕ್ಕು ಕೈಯಲ್ಲಿದ್ದ ಗಾಜು ಒಡೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ನಿನ್ನ ಓದು, ನಿನ್ನ ಕೆಲಸ, ನಿನ್ನ ಪಾಠ ಎಲ್ಲವೂ ಆ ಒಂದೇ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ಊರೆಲ್ಲ ಕಳೆ ಅಂತ ಒಂದೇ ಹೆಸರಿಟ್ಟು ಕಿತ್ತೆಸೆಯುವುದನ್ನು ನೋಡಿ, ಕೂತುಕೊಂಡು, ಯಾವುದು ಅಂತ ಕೇಳಿದವಳು ನೀನೊಬ್ಬಳೇ.

ಆ ಮರದ ಚೌಕದ ಕಥೆಯನ್ನೂ ಹೇಳಿಬಿಡುತ್ತೇನೆ, ಇವಳಿಗೂ ಗೊತ್ತಿರಲಿ, ಟೈಪ್ ಮಾಡುತ್ತಿದ್ದಾಳಲ್ಲ. ಕಾಲೇಜು ಸೇರಿದ ಹೊಸದರಲ್ಲಿ ಬಂದು ಕೇಳಿದೆ, "ಅಣ್ಣಾ, ನಂಗೊಂದು ಕಟ್ಟು ಮಾಡ್ಕೊಡು. ಗಾಜು ಬೇಡ, ಹಿಂದೆ ರಟ್ಟು ಬೇಡ, ಒಳಗೆ ಚಿತ್ರಾನೂ ಬೇಡ." ನಾನು ಆಗತಾನೇ ಮೂಲೆ ಕೊಯ್ಯುವುದು ಕಲಿಯುತ್ತಿದ್ದೆ. ಉಳಿದ ಪಟ್ಟಿಗಳಲ್ಲಿ ಮಾಡಿಕೊಟ್ಟೆ, ಒಂದು ಮೂಲೆ ಸ್ವಲ್ಪ ಬಾಯಿ ಬಿಟ್ಟಿತು. ಅಪ್ಪ ಅದನ್ನು ಎತ್ತಿ ಅದರೊಳಗಿಂದ ನನ್ನ ಮುಖ ನೋಡಿ, "ಇದೇನೋ ಇದು, ಕಟ್ಟೋ ಕಿಟಕೀನೋ?" ಅಂದರು. ನೀನು ಅದನ್ನು ನೆಲದ ಮೇಲೆ ಇಟ್ಟು, ಅದರೊಳಗೆ ಏನೇನು ಬೆಳೆದಿದೆ ಅಂತ ಒಂದೊಂದೂ ಎಣಿಸಿ ಬರೆದುಕೊಂಡಾಗ ನನಗೆ ಮೊದಲ ಸಲ ಹೊಳೆಯಿತು, ನಾವು ಗೋಡೆಗೆ ಹಾಕುವುದನ್ನೇ ಇವಳು ನೆಲಕ್ಕೆ ಹಾಕುತ್ತಾಳೆ ಅಂತ. ಆಮೇಲೆ ಲೋಹದ ಚೌಕಗಳು, ಮಡಿಚುವ ಚೌಕಗಳು ಎಷ್ಟೋ ಬಂದವು. ನೀನು ಮಾತ್ರ ಮಕ್ಕಳ ಮೊದಲ ಪಾಠಕ್ಕೆ ಇವತ್ತಿಗೂ ಆ ಬಾಯಿಬಿಟ್ಟ ಮೂಲೆಯದನ್ನೇ ಒಯ್ಯುತ್ತೀಯಂತೆ. ನನಗೆ ಇದು ಹೋದ ವಾರ ಗೊತ್ತಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಮೂಲೆ ರಿಪೇರಿ ಮಾಡಿಕೊಡುತ್ತಿದ್ದೆನಲ್ಲ!

ನನ್ನ ಮದುವೆಯ ಕಥೆ ಅಂತೂ ಇವಳಿಗೆ ನಿನ್ನ ಅತ್ತಿಗೆಯೇ ಹೇಳಿದ್ದಾಳೆ, ಇನ್ನೂ ಸಿಟ್ಟಿನಲ್ಲೇ. ಬಂದ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಿ ಅವರ ಚಪ್ಪಲಿ, ಬೂಟಿನ ಮಣ್ಣನ್ನು ಬ್ರಷ್ಷಿನಿಂದ ಕಾಗದಕ್ಕೆ ಉದುರಿಸಿ, ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದಿಟ್ಟವಳು ನೀನು. ಮದುವೆಗೆ ಬಂದವರು "ಹುಡುಗನ ತಂಗಿಗೆ ಏನೋ ತೊಂದರೆ ಇರಬೇಕು" ಅಂದುಕೊಂಡರು. ಆ ಮಣ್ಣನ್ನೆಲ್ಲ ತಟ್ಟೆಗಳಲ್ಲಿ ಹಾಕಿ ನೀರು ಹಾಕಿದೆ, ನನ್ನ ಮಾವನವರ ಬೂಟಿನ ಮಣ್ಣಿನಿಂದ ಈ ಊರಲ್ಲಿ ಯಾರೂ ಕಂಡಿರದ ಒಂದು ಸಸಿ ತಲೆ ಎತ್ತಿತು. ಅದೇ ನಿನ್ನ ಮೊದಲ ಪ್ರಬಂಧವಾಯಿತು, ದೂರ ದೂರದ ಪತ್ರಿಕೆಯಲ್ಲಿ ಅಚ್ಚಾಯಿತು. ಮಾವನವರು ಸಾಯುವವರೆಗೂ ಸಿಕ್ಕಸಿಕ್ಕವರಿಗೆ, "ನನ್ನ ಬೂಟು ವಿಜ್ಞಾನಕ್ಕೆ ಸೇವೆ ಸಲ್ಲಿಸಿದೆ" ಅಂತ ಹೇಳಿಕೊಂಡು ತಿರುಗಿದರು. ಆ ಬೂಟನ್ನು ಮತ್ತೆ ತೊಳೆಯಲೇ ಇಲ್ಲ.

ಸರಿ, ಈಗ ವಿಷಯಕ್ಕೆ ಬರುತ್ತೇನೆ. "ಇನ್ನೂ ವಿಷಯಕ್ಕೆ ಬಂದೇ ಇಲ್ವಾ?" ಅಂತ ಇವಳು ತಲೆ ಚಚ್ಚಿಕೊಳ್ಳುತ್ತಿದ್ದಾಳೆ.

ನಿನ್ನ ಕಾಲೇಜಿಗೆ ನೂರು ವರ್ಷ ತುಂಬಿದ ಸಮಾರಂಭ ಕಳೆದ ವಾರ ಆಯಿತು. ಸಭಾಂಗಣದಲ್ಲಿರುವ ಹಳೆಯ ಪ್ರಿನ್ಸಿಪಾಲರ ಫೋಟೋಗಳಿಗೆಲ್ಲ ಹೊಸ ಕಟ್ಟು ಹಾಕಿ ತೂಗುಹಾಕುವ ಕೆಲಸ ನಮ್ಮ ಅಂಗಡಿಗೇ ಬಂತು. ಹಾಗಾಗಿ ನಾನು ಅಲ್ಲೇ ಏಣಿಯ ಮೇಲೆ ಇದ್ದೆ. ಏಣಿ ಮೇಲಿದ್ದವನು ಯಾರ ಕಣ್ಣಿಗೂ ಬೀಳಲ್ಲ ನೋಡು, ಎಲ್ಲರೂ ಕೆಳಗಡೆ ಮನಸು ಬಿಚ್ಚಿ ಮಾತಾಡುತ್ತಾರೆ. ಆಫೀಸಿನ ಮೇಲ್ವಿಚಾರಕರು ಬಂದರು, ಅದೇ, ನಿನ್ನ ಹುಡುಗರು ಇಸ್ತ್ರಿ ಸಾಹೇಬರು ಅಂತ ಕರೆಯುವವರು, ಪ್ಯಾಂಟಿನ ಗೆರೆ ಕೆಡುತ್ತದೆ ಅಂತ ಮೀಟಿಂಗಿನಲ್ಲೂ ನಿಂತೇ ಇರುತ್ತಾರಲ್ಲ. ಅವರು ಗುಮಾಸ್ತರಿಗೆ ಹೇಳಿದರು, "ಲ್ಯಾಬ್ ಹಿಂದೆ ಆ ಕೊಂಪೆ ಇದೆಯಲ್ಲ, ಅದನ್ನ ಸಮ ಮಾಡಿಸ್ಬಿಡಿ. ಅತಿಥಿಗಳ ಕಾರು ನಿಲ್ಲಿಸೋಕಾಗುತ್ತೆ. ಮೇಡಂ ಹೇಗೂ ಊರಲ್ಲಿಲ್ಲ." ಕೊಂಪೆ ಅಂದರೆ ನಿನ್ನ ಜಾಗ ಕಣೇ. ನೀನು ಕೆಲಸಕ್ಕೆ ಸೇರಿದಾಗಿನಿಂದ ಯಾರಿಗೂ ಮುಟ್ಟಲು ಬಿಡದೆ, ಪ್ರತಿ ಕಾಲಕ್ಕೂ ಚೌಕ ಇಟ್ಟು ಎಣಿಸಿದ ಜಾಗ. ನನ್ನ ಕೈಯಲ್ಲಿದ್ದ ಸುತ್ತಿಗೆ ಅವರ ಇಸ್ತ್ರಿ ತಲೆ ಮೇಲೆ ಬೀಳದೆ ಇದ್ದದ್ದು ಅವರ ಪುಣ್ಯ.

ನಿನಗೆ ಫೋನು ಮಾಡೋಣ ಅಂದರೆ ಫೋನಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗೋಣ ಅಂದರೆ ಅವರು ಅತಿಥಿಗಳನ್ನು ಕರೆಯಲು ಊರಿಂದಾಚೆ ಹೋಗಿದ್ದರು, ಸಮಾರಂಭದ ದಿನವೇ ಬರುವುದು. ನಾನು ಏಣಿ ಇಳಿದು ಓಡಿದ್ದು ನಿನ್ನ ಸಂಶೋಧನಾ ವಿದ್ಯಾರ್ಥಿನಿಯ ಹತ್ತಿರ, ಯಾವಾಗಲೂ ರಬ್ಬರ್ ಬೂಟು ಹಾಕಿಕೊಂಡು ಓಡಾಡುವ ಆ ಉದ್ದನೆಯ ಹುಡುಗಿ, ಗಂಬೂಟು. ಅವಳು ಗಾಬರಿಯಾಗಲಿಲ್ಲ. "ಆರ್ಡರ್ ಕಾಪಿ ಬಂದಿದೆ ಅಂಕಲ್, ನೋಡಿ" ಅಂತ ಕೊಟ್ಟಳು. ಇಸ್ತ್ರಿ ಸಾಹೇಬರಿಗೆ ಭಾಷೆಯ ಮೇಲೂ ಇಸ್ತ್ರಿ ಹೊಡೆಯುವ ಚಟ. 'ಸಮ ಮಾಡಿಸಿ' ಅಂತ ನೇರವಾಗಿ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅವರು ಬರೆದದ್ದು ಹೀಗೆ: 'ಸಮಾರಂಭದ ಒಳಗಾಗಿ ಪ್ರಯೋಗಾಲಯದ ಹಿಂಭಾಗದ ಜಾಗಕ್ಕೆ ಕಳೆ ಬರುವಂತೆ ಮಾಡತಕ್ಕದ್ದು.'

ನಾನು ಎರಡು ಸಲ ಓದಿದೆ. ಗಂಬೂಟು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮಣ್ಣು ಎತ್ತುವ ಯಂತ್ರ ಗುಡುಗುತ್ತಾ ಬಂತು. ಗಂಬೂಟು ಅದರ ಮುಂದೆ ಅಡ್ಡ ಮಲಗಲಿಲ್ಲ, ಘೋಷಣೆ ಕೂಗಲಿಲ್ಲ. ಹೋಗಿ ಡ್ರೈವರಿಗೆ ನಮಸ್ಕಾರ ಹೇಳಿ, "ಅಣ್ಣಾ, ಕೆಲಸ ಶುರು ಮಾಡೋಕೆ ಮುಂಚೆ ಆರ್ಡರ್ ಒಂದ್ಸಲ ಓದ್ಬಿಡಿ, ಆಮೇಲೆ ನಿಮ್ಮ ಮೇಲೆ ಬರಬಾರ್ದು" ಅಂದಳು. ಡ್ರೈವರು ಕಾಗದವನ್ನು ದೂರ ಹಿಡಿದು ಜೋರಾಗಿ ಓದಿದ. ಜಾಗ ನೋಡಿದ. ಮತ್ತೆ ಓದಿದ. "ಕಳೆ ಬರೋ ಹಾಗೆ ಮಾಡ್ಬೇಕು ಅಂತಿದೆಯಲ್ಲಮ್ಮಾ. ಬಂದೇ ಇದೆಯಲ್ಲ! ಸೊಂಟದುದ್ದ ಬಂದಿದೆ. ಇನ್ನೆಷ್ಟು ಬರ್ಬೇಕು? ನನ್ನ ಗಾಡಿ ಕಳೆ ಕೀಳುತ್ತೆ, ಬೆಳೆಸಲ್ಲ." ಅಷ್ಟರಲ್ಲಿ ಇಸ್ತ್ರಿ ಸಾಹೇಬರು ಬಂದರು, ಗೆರೆ ಕೆಡದ ಹಾಗೆ ಎಷ್ಟು ಬೇಗ ಓಡಬಹುದೋ ಅಷ್ಟು ಬೇಗ. "ಅಯ್ಯೋ, ಆ ಕಳೆ ಅಲ್ಲ ಕಣ್ರೀ, ಈ ಕಳೆ, ಈ ಕಳೆ!" ಅಂತ ತಮ್ಮ ಮುಖದ ಸುತ್ತ ಕೈ ಆಡಿಸಿ ತೋರಿಸಿದರು.

ಆಗ ಆ ಹುಡುಗಿ ಏನು ಮಾಡಿದಳು ಗೊತ್ತಾ? ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಗಲ್ಲ ಸ್ವಲ್ಪ ಕೆಳಗೆ ಮಾಡಿದಳು. ತುಂಬಾ ಮೃದುವಾಗಿ ಕೇಳಿದಳು:

"ಯಾವ ಕಳೆ ಸಾರ್?"

ಅಂಟೂ, ನನಗೆ ಮೈ ಜುಮ್ ಅಂತು. ಯಾರದೋ ಮನೆಯ ಮಗಳು, ನಿನಗಿಂತ ಒಂದು ಮೊಳ ಎತ್ತರ, ಆದರೆ ಆ ಕೈ, ಆ ಗಲ್ಲ, ಆ ದನಿ ಪೂರಾ ನಿನ್ನದು. ಅಪ್ಪನ ಅಂಗಡಿಯಲ್ಲಿ ಆ ಹೆಂಗಸಿನ ಮುಂದೆ ನಿಂತಿದ್ದೆಯಲ್ಲ, ಅದೇ. ಅವಳು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು, ಕೇಳಿ ಕಾಯುತ್ತಿದ್ದಳು. ಸಾಹೇಬರು ಮತ್ತೆ ತಮ್ಮ ಮುಖವನ್ನೇ ತೋರಿಸಿದರು. ಡ್ರೈವರು, "ನೀವಿಬ್ರೂ ತೀರ್ಮಾನ ಮಾಡ್ಕೊಂಡು, ಸರಿಯಾದ ಕಾಗದಕ್ಕೆ ದೊಡ್ಡೋರ ಸಹಿ ಹಾಕ್ಸಿ ಕೊಡಿ. ನಂಗೆ ಬೇರೆ ಕಡೆ ಕೆಲಸ ಇದೆ" ಅಂತ ಗಾಡಿ ತಿರುಗಿಸಿಕೊಂಡು ಹೋದ. ಸಹಿ ಹಾಕಬೇಕಾದ ಪ್ರಿನ್ಸಿಪಾಲರು ಊರಲ್ಲಿಲ್ಲ. ಸಮಾರಂಭದವರೆಗೆ ಜಾಗ ಉಳಿಯಿತು. ಆದರೆ ಆಮೇಲೆ? ಪ್ರಿನ್ಸಿಪಾಲರು ಬಂದು ಹೊಸ ಆರ್ಡರಿಗೆ ಸಹಿ ಹಾಕಿದರೆ ಸಂಜೆಯೊಳಗೆ ನಿನ್ನ ಇಷ್ಟು ವರ್ಷದ ಕೆಲಸ ಟೈರಿನ ಕೆಳಗೆ ಹೋಗುತ್ತದೆ. ನೀನು ಬಂದು ಇಳಿದಾಗ ನಿನಗೆ ಏನು ಅಂತ ಹೇಳಲಿ? ಪಾಠ ಬಿಡುತ್ತೀನಿ ಅಂದವಳಿಗೆ ಬಿಡಲು ಒಂದು ಪಾಠವೂ ಇಲ್ಲದ ಹಾಗಾಗುತ್ತಿತ್ತು.

ಅಪ್ಪ ಹೇಳುತ್ತಿದ್ದರಲ್ಲ, "ಕಟ್ಟು ಹಾಕಿದ್ರೆ ಕಾಗೆಗೂ ಮರ್ಯಾದೆ" ಅಂತ. ಎಂಥಾ ಮಾಸಲು ಚಿತ್ರವಾಗಲಿ, ಅದಕ್ಕೊಂದು ಕಟ್ಟು ಹಾಕಿ ನೋಡು, ಜನ ಎದುರು ನಿಂತು ಕೈಕಟ್ಟಿ ನೋಡುತ್ತಾರೆ. ನಮ್ಮ ಅಟ್ಟದಲ್ಲಿ ಯಾರೂ ಬಿಡಿಸಿಕೊಂಡು ಹೋಗದ ಕಟ್ಟುಗಳು ಬಿದ್ದಿದ್ದವು, ಚಿನ್ನದ ಬಣ್ಣದವು, ಬಳ್ಳಿ ಕೆತ್ತಿದವು, ಮದುವೆ ಫೋಟೋಗಳಿಗೆ ಅಂತ ಮಾಡಿಸಿ ಆಮೇಲೆ ಏನೇನೋ ಆಗಿ ಬಿಟ್ಟುಹೋದವು. ಎಲ್ಲವನ್ನೂ ಧೂಳು ಹೊಡೆದು, ಗಾಜು ತೆಗೆದು ಗಾಡಿಗೆ ಹಾಕಿದೆ. ಅಮ್ಮ ಹೊಸ ಕನ್ನಡಕದಲ್ಲಿ ನೋಡಿ, "ಏನೋ ಇದು, ಯಾರ ಮನೆಗೆ?" ಅಂದರು. "ನಿನ್ನ ಮಗಳ ಕಳೆಗೆ" ಅಂದೆ. ಅಮ್ಮ ಒಂದು ಹಳೇ ಸೀರೆ ತಂದು ಕಟ್ಟುಗಳನ್ನೆಲ್ಲ ತಾವೇ ಒರೆಸಿ ಕೊಟ್ಟರು.

ಸಮಾರಂಭದ ಬೆಳಿಗ್ಗೆ ನಿನ್ನ ಹುಡುಗರು ಆ ಕಟ್ಟುಗಳನ್ನು ನೆಲದ ಮೇಲೆ ಅಲ್ಲಲ್ಲಿ ಮಲಗಿಸಿದರು, ಗಿಡ ಮುರಿಯದ ಹಾಗೆ, ಮಗುವಿಗೆ ಅಂಗಿ ತೊಡಿಸುವ ಹಾಗೆ. ನಟ್ಟನಡುವೆ ನಿನ್ನ ಆ ಬಾಯಿಬಿಟ್ಟ ಮೂಲೆಯ ಚೌಕ. ಆಗಲೇ ನನಗೆ ಗೊತ್ತಾಗಿದ್ದು ನೀನು ಅದನ್ನು ಇನ್ನೂ ಇಟ್ಟುಕೊಂಡಿದ್ದೀಯ ಅಂತ. ಹೆಸರಿನ ಚೀಟಿ ಹಾಕೋಣ ಅಂದೆ. ಗಂಬೂಟು ಬೇಡ ಅಂದಳು. "ಹೆಸರು ಕಂಡ ತಕ್ಷಣ ಜನ ಗಿಡ ನೋಡೋದು ನಿಲ್ಲಿಸ್ತಾರೆ ಅಂತ ಮೇಡಂ ಹೇಳ್ತಾರೆ. ಮೊದಲು ನೋಡ್ಲಿ." ಒಂದೊಂದು ಕಟ್ಟಿನ ಪಕ್ಕ ಒಬ್ಬೊಬ್ಬ ವಿದ್ಯಾರ್ಥಿ ನಿಂತ.

ಭಾಷಣಗಳು ಮುಗಿದ ಮೇಲೆ ಸೆಖೆಗೆ ಜನ ಹೊರಗೆ ಬಂದರು. ಮೊದಲು ಬಂದದ್ದು ಮುಖ್ಯ ಅತಿಥಿ, ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ, ಇದೇ ಕಾಲೇಜಿನಲ್ಲಿ ಓದಿದವರು. ಚಿನ್ನದ ಕಟ್ಟಿನೊಳಗೆ ಮುಳ್ಳುಗಿಡ ಕಂಡು ನಿಂತರು, ಕೈಕಟ್ಟಿದರು. ಅಪ್ಪನ ಮಾತು ನಿಜವಾಯಿತು. ಅಲ್ಲಿ ನಿಂತಿದ್ದವನು ಮೊದಲ ವರ್ಷದ ಹುಡುಗ. "ಇದು... ಇದು ಒಂದು ಕಳೆ ಮೇಡಂ" ಅಂದುಬಿಟ್ಟ. ಗಂಬೂಟು ಎರಡು ಹೆಜ್ಜೆ ದೂರದಲ್ಲಿದ್ದಳು. ಅವಳು ಬಾಯಿ ಹಾಕಲಿಲ್ಲ, ಹೇಳಿಕೊಡಲಿಲ್ಲ. ಸುಮ್ಮನೆ ಅವನ ಮುಖ ನೋಡುತ್ತಾ ಕಾದಳು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಮೂರು ಕಥೆ ಹೇಳಿರುತ್ತಿದ್ದೆ. ಹುಡುಗ ಉಸಿರು ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ. "ಯಾವ ಕಳೆ ಅಂತ ಹೇಳ್ತೀನಿ, ನೀವೂ ಕೂತ್ಕೊಳ್ಳಿ, ನಿಂತ್ರೆ ಕಾಣಲ್ಲ" ಅಂದ. ಅಂಥಾ ಡಾಕ್ಟರಮ್ಮ ಒಳ್ಳೆಯ ಬಟ್ಟೆಯಲ್ಲೇ ಮಣ್ಣಿನ ಮೇಲೆ ಕೂತರು!

ಆಮೇಲೆ ನೋಡಬೇಕಿತ್ತು ನೀನು. ಆ ಹುಡುಗ ಎಲೆ ಮಗುಚಿ ತೋರಿಸಿದ, ಇದು ಹೊಸ ಕಟ್ಟಡದ ಮರಳಿನ ಜೊತೆ ಲಾರಿಯಲ್ಲಿ ಬಂದಿದ್ದು, ಇದು ಬರುವವರೆಗೆ ಇಲ್ಲಿ ಇನ್ನೊಂದು ಕಳೆ ಇತ್ತು, ಈಗ ಅದು ಗೋಡೆಯ ಬುಡಕ್ಕೆ ಸರಿದಿದೆ ಅಂದ. ಪಕ್ಕದ ಹುಡುಗಿ ನೀರು ಇಷ್ಟಪಡುವ ಒಂದು ಹುಲ್ಲು ತೋರಿಸಿದಳು. ಒಣ ಮೂಲೆಯಲ್ಲಿ ಇದ್ದಕ್ಕಿದ್ದ ಹಾಗೆ ಅದು ಎದ್ದದ್ದನ್ನು ಕಂಡು, ಮೇಡಂ ಅಗೆಸಿ ನೋಡಿದರೆ ಕೆಳಗೆ ಪೈಪು ಒಡೆದಿತ್ತಂತೆ, ಇಲ್ಲದಿದ್ದರೆ ಲ್ಯಾಬಿನ ಗೋಡೆಯೇ ಕುಸಿಯುತ್ತಿತ್ತಂತೆ. ಹಿಂದೆಯೇ ಬಂದು ನಿಂತಿದ್ದ ಪ್ರಿನ್ಸಿಪಾಲರು, "ಹೌದು, ಹೌದು, ಆ ಪೈಪು ನನಗೆ ನೆನಪಿದೆ" ಅಂದರು. ಇನ್ನೊಬ್ಬ ಹುಡುಗ ಅತಿಥಿಗಳಿಗೆ ಬೂಟಿನ ಅಡಿ ತೋರಿಸಿ ಅಂತ ಕೇಳಿದ. ಜನ ಸಾಲಾಗಿ ಕಾಲು ಎತ್ತಿ ತೋರಿಸಿದರು, ನನ್ನ ಮದುವೆಯ ಹಾಗೇ! ಇದೇ ಜಾಗದಲ್ಲಿ ಚೌಕ ಹಿಡಿದು ಕಲಿತವರು ಈಗ ಎಲ್ಲೆಲ್ಲಿ ಪಾಠ ಮಾಡುತ್ತಿದ್ದಾರೆ ಅಂತ ಗಂಬೂಟು ಹೇಳುತ್ತಾ ಹೋದಳು. ಮರುಭೂಮಿಯಲ್ಲೊಬ್ಬ, ಹಿಮದ ಬೆಟ್ಟದಲ್ಲೊಬ್ಬಳು, ರೈಲ್ವೆ ಹಳಿಗಳ ಪಕ್ಕದಲ್ಲೊಬ್ಬ. ಎಲ್ಲರೂ ಮೊದಲ ದಿನ ಮಕ್ಕಳಿಗೆ ಕೇಳುವುದು ಅದೇ ಪ್ರಶ್ನೆಯಂತೆ. ಕಿವಿಗೆ ಬಿದ್ದಿಲ್ಲ ಅಂದೆಯಲ್ಲೇ ನೀನು? ಬಿದ್ದಿರುವುದಷ್ಟೇ ಅಲ್ಲ, ಅಂಟಿಕೊಂಡಿದೆ. ಬ್ರಷ್ಷು ತಗೊಂಡು ಉಜ್ಜಿದರೂ ಹೋಗುವ ಹಾಗಿಲ್ಲ.

ಡಾಕ್ಟರಮ್ಮ ಎದ್ದು ಮಣ್ಣು ಒರೆಸಿಕೊಂಡು, "ಈ ನಿಮ್ಮ ಮೇಡಂ ಎಲ್ಲಿ?" ಅಂದರು. ಗಂಬೂಟು ನನ್ನ ಕಡೆ ಕೈ ತೋರಿಸಿ, "ಅವರು ದ್ವೀಪದಲ್ಲಿದ್ದಾರೆ. ಇವರು ಅವರ ಅಣ್ಣ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. "ಹೌದು. ನಾನೇ ಅಣ್ಣ" ಅಂದೆ. ಆ ಮೂರು ಪದ ಹೇಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಣ್ಣಿಗೆ ಧೂಳು ಬಿತ್ತು ಅಂತ ನಿನ್ನ ಅತ್ತಿಗೆಗೆ ಹೇಳಿದ್ದೇನೆ, ಅವಳು ನಂಬಿಲ್ಲ.

ಇಸ್ತ್ರಿ ಸಾಹೇಬರು ಹೊಸ ಆರ್ಡರ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಪ್ರಿನ್ಸಿಪಾಲರು ಅದನ್ನು ಓದಿ, ಜೇಬಿನಿಂದ ಪೆನ್ನು ತೆಗೆದು, ಪೂರ್ತಿ ಹೊಡೆದು ಹಾಕಿ ಕೆಳಗೆ ಒಂದೇ ಸಾಲು ಬರೆದರು: 'ಈ ಜಾಗದ ಕಳೆಯನ್ನು ಇದ್ದಂತೆಯೇ ಬಿಡತಕ್ಕದ್ದು.' "ಈಗ ಯಾವ ಕಳೆ ಅಂತ ಯಾರೂ ಕೇಳೋ ಹಾಗಿಲ್ಲ, ಎರಡೂ ಸೇರ್ತು" ಅಂದರು. ಸಾಹೇಬರನ್ನು ತೀರಾ ಬೈಯಬೇಡ. ಆ ಸಾಲನ್ನು ಅವರೇ ಟೈಪ್ ಮಾಡಿ ತಂದು, ನಮ್ಮ ಅಂಗಡಿಯಲ್ಲಿ ಕಟ್ಟು ಹಾಕಿಸಿ, ಲ್ಯಾಬಿನ ಹಿಂದಿನ ಗೋಡೆಗೆ ನೇತುಹಾಕಿದ್ದಾರೆ. ಹಾಕುವಾಗ ಅವರ ಪ್ಯಾಂಟಿಗೆ ಅಂಟುಮುಳ್ಳು ಮೆತ್ತಿಕೊಂಡಿತ್ತು, ನಾನು ಹೇಳಲಿಲ್ಲ. ಅದೂ ಎಲ್ಲಿಗೋ ಹೋಗಿ ಹುಟ್ಟಲಿ.

ಗೋಂದು ಒಣಗಿತು, ನಿಲ್ಲಿಸುತ್ತೇನೆ. ಮಂಡಿ ಜೋಪಾನ. ನೆಲ ನೋಡಿಕೊಂಡೇ ನಡೆಯುವವಳಿಗೆ ಎಡವಬೇಡ ಅಂತ ಹೇಳುವುದು ದಂಡ, ಆದರೂ ಹೇಳುತ್ತೇನೆ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾರೆ ಅಂದುಕೋ. ಅತ್ತಿಗೆ ನೆನಪಿಸಿಕೊಂಡಳು ಅಂತ ಹೇಳಲು ಹೇಳಿದ್ದಾಳೆ, ಚಪ್ಪಲಿ ವಿಷಯ ಮರೆತಿಲ್ಲ ಅಂತಲೂ ಹೇಳಿದ್ದಾಳೆ. ಚೆನ್ನಾಗಿರು, ನಮ್ಮೆಲ್ಲರ ಹೆಮ್ಮೆಯೇ.

ಇಂತಿ, ಮೂಲೆ ಸರಿಯಾಗಿ ಕೂಡಿಸಲು ಬಾರದಿದ್ದಾಗಿನಿಂದ ನಿನ್ನವನೇ ಆದ,
ಅಣ್ಣ

ಮರೆತೆ, ಮರೆತೆ! ಇವಳು ಲಕೋಟೆ ಮುಚ್ಚುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಇದೇ ಚೀಲದಲ್ಲಿ ಕಾಲೇಜಿನ ಇನ್ನೊಂದು ಲಕೋಟೆಯೂ ಬರುತ್ತದೆ, ಅದನ್ನು ಒಡೆಯುವ ಮುಂಚೆ ನನ್ನಿಂದ ಕೇಳು. ಆಕಾಶದ ಫೋಟೋ ಹುಡುಗ ಬೇರೆ ಕಡೆ ಹೋದ. ಕುರ್ಚಿ ಖಾಲಿಯಾಯಿತು. ನಿನ್ನೆ ಪ್ರಿನ್ಸಿಪಾಲರೇ ಅಂಗಡಿಗೆ ಬಂದಿದ್ದರು. ಸಮಿತಿಯವರೆಲ್ಲ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳಿದರಂತೆ. ಬೇರೆ ಏನಾದ್ರೂ ಮಾಡಿದೀರಾ ಅಂತ ಕೇಳಿದ್ದರಲ್ಲ, ಅವರೂ. ಮುಖ್ಯಸ್ಥರ ಫೋಟೋಗಳ ಸಾಲಿಗೆ ಇನ್ನೊಂದು ಕಟ್ಟು ಮಾಡಿ ಅಂದರು. ಮಾಡಿದ್ದೇನೆ, ನಾಲ್ಕು ಮೂಲೆಯೂ ಕೂದಲು ತೂರದ ಹಾಗೆ ಕೂಡಿವೆ. "ನಿಮ್ಮ ತಂಗಿ ಒಪ್ತಾರಾ? ಪಾಠ ಬಿಡ್ತಾರೆ ಅಂತ ಯಾರೋ ಅಂದ್ರು" ಅಂತ ಕೇಳಿದರು. ನಾನು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಡಲಿಲ್ಲ ಕಣೇ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಈಗಲೂ ಹಾಗೇ ನಿಂತಿದ್ದೇನೆ. ಉತ್ತರ ನಿನ್ನದು, ನಾನು ಕಾಯುತ್ತೇನೆ. ಕಟ್ಟು ಮಾತ್ರ ಖಾಲಿ ಇದೆ. ಮನೆಯಲ್ಲಿರುವ ನಿನ್ನ ಫೋಟೋಗಳನ್ನೆಲ್ಲ ಹರಡಿ ನೋಡಿದೆವು, ಒಂದರಲ್ಲೂ ಮುಖ ಇಲ್ಲ, ಬರೀ ಬೈತಲೆ, ಎಲ್ಲದರಲ್ಲೂ ಬಗ್ಗಿ ನೆಲ ನೋಡುತ್ತಿದ್ದೀಯ. ಅಲ್ಲಿಂದ ವಾಪಸ್ ಬರುವ ಹಡಗಿನಲ್ಲಿ ಒಂದು ಫೋಟೋ ಕಳಿಸು, ತಲೆ ಎತ್ತಿ ತೆಗೆಸಿಕೊಂಡದ್ದು. ಅಮ್ಮ ಹೇಳುತ್ತಿದ್ದಾರೆ, ಮುಖದಲ್ಲಿ ಕಳೆ ಇರಬೇಕಂತೆ.

ಯಾವ ಕಳೆ ಅಂತ ಮಾತ್ರ ಕೇಳಬೇಡ.